ತೂಕ ಇಳಿಸುವವರ ಹಸಿವು

(ಜುಮಾ ಖುತ್ಬಾದ ಸಾರಾಂಶ)

 



ಮಿಂಬರ್ ಮೇಲೆ ಹಸಿವಿನ ವಿಷಯ ಬಂದಾಗ ಅದು ಒಂದೋ ರಮಝಾನಿನ ಹಸಿವಾಗಿರುತ್ತದೆ, ಇಲ್ಲವೇ ಬಡವನ ಹಸಿವಾಗಿರುತ್ತದೆ. ಇಂದು ನಾನು ಮಾತಾಡಲು ಹೊರಟಿರುವುದು ಈ ಎರಡೂ ಅಲ್ಲದ ಇನ್ನೊಂದು ಹಸಿವಿನ ಬಗ್ಗೆ. ಮನೆಯಲ್ಲಿ ಅಕ್ಕಿ ಇದೆ, ಮೀನು ಇದೆ, ಫ್ರಿಜ್ ತುಂಬಿದೆ. ಆದರೂ ಮನೆಯ ಯಜಮಾನ ಹಸಿದಿದ್ದಾನೆ. ಯಾಕೆಂದರೆ ಸಕ್ಕರೆ ಕಾಯಿಲೆ ಶುರುವಾಗಿದೆ, ಅಥವಾ ಲಿವರಿನಲ್ಲಿ ಕೊಬ್ಬು ಸೇರಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಿದೆ, ಅಥವಾ ಮೊಣಕಾಲು ಸುಜೂದಿಗೆ ಬಗ್ಗುತ್ತಿಲ್ಲ. ತೂಕ ಇಳಿಸಲೇಬೇಕು ಎಂದು ಡಾಕ್ಟರ್ ಖಡಾಖಂಡಿತವಾಗಿ ಹೇಳಿದ್ದಾರೆ.

ಇದೆಲ್ಲ ಮಸೀದಿಯಲ್ಲಿ ಹೇಳುವ ವಿಷಯವೇ ಎಂದು ಕೆಲವರಿಗೆ ಅನಿಸಬಹುದು. ನಮಾಝ್ ಮುಗಿದ ಮೇಲೆ ಗೋಡೆಯ ಬದಿಯಲ್ಲಿರುವ ಕುರ್ಚಿಗಳನ್ನು ಒಮ್ಮೆ ಎಣಿಸಿ ನೋಡಿ. ಹತ್ತು ವರ್ಷಗಳ ಹಿಂದೆ ಅಲ್ಲಿ ಮೂರೋ ನಾಲ್ಕೋ ಕುರ್ಚಿಗಳಿದ್ದವು, ಅವುಗಳಲ್ಲಿ ಎಪ್ಪತ್ತು ದಾಟಿದ ಹಿರಿಯರು ಕೂರುತ್ತಿದ್ದರು. ಈಗ ನಲವತ್ತೈದು, ಐವತ್ತರ ಪ್ರಾಯದವರು ಕೂರುತ್ತಿದ್ದಾರೆ. ಕುರ್ಚಿಯಲ್ಲಿ ನಮಾಝ್ ಮಾಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಅಶಕ್ತರಿಗೆ ಶರೀಅತ್ ಅನುಮತಿ ಕೊಟ್ಟಿದೆ. ಆದರೆ ಮಂಡಿಯ ಮೇಲಿನ ಭಾರ ಇಳಿದರೆ ಹಣೆ ಮತ್ತೆ ನೆಲ ಮುಟ್ಟುತ್ತದೆ ಎಂದಾದರೆ, ಆ ಪ್ರಯತ್ನ ದೀನ್‌ನ ಹೊರಗಿನದು ಎಂದು ಹೇಳಲು ನನ್ನಿಂದಾಗದು.

ಇತ್ತೀಚೆಗೆ ಒಂದು ದಿನ ಅಸ್ರ್ ನಮಾಝಿನ ನಂತರ ಸಹೋದರರೊಬ್ಬರು ಬಂದು ಕೇಳಿದರು: “ಉಸ್ತಾದರೇ, ನನ್ನ ಈಮಾನೇ ದುರ್ಬಲವೋ ಏನೋ. ರಮಝಾನಿನಲ್ಲಿ ಹದಿಮೂರು ಗಂಟೆ ಒಂದು ಹನಿ ನೀರೂ ಇಲ್ಲದೆ ಇರುತ್ತೇನೆ. ಈಗ ತೂಕ ಇಳಿಸಲು ಹೊರಟರೆ ಎರಡು ಗಂಟೆಯೂ ತಡೆಯಲಾಗುತ್ತಿಲ್ಲ. ಇಡೀ ದಿನ ತಲೆಯಲ್ಲಿ ಊಟವೇ ಸುತ್ತುತ್ತಿರುತ್ತದೆ.”

ಇದು ಒಬ್ಬರ ಪ್ರಶ್ನೆಯಲ್ಲ, ಕೇಳಲು ನಾಚಿಕೆಪಡುವ ಅನೇಕರ ಪ್ರಶ್ನೆ. ಆದ್ದರಿಂದಲೇ ಇಲ್ಲಿ ಹೇಳುತ್ತಿದ್ದೇನೆ. ಇದಕ್ಕೂ ಈಮಾನಿಗೂ ಸಂಬಂಧವಿಲ್ಲ.

ಎರಡು ಹಸಿವುಗಳ ನಡುವಿನ ವ್ಯತ್ಯಾಸವನ್ನು ನೋಡಿ. ಉಪವಾಸದ ಹಸಿವಿಗೆ ಮುಗಿಯುವ ಹೊತ್ತು ಗೊತ್ತಿದೆ. ಹೆಂಡತಿ, ಮಕ್ಕಳು, ಅಂಗಡಿಯ ಪಕ್ಕದವನು, ಎಲ್ಲರೂ ಹಸಿದಿರುತ್ತಾರೆ. ಮುಂದೆ ತಟ್ಟೆ ಇರುವುದಿಲ್ಲ. ಸಂಜೆ ಹೊಟ್ಟೆ ತುಂಬುತ್ತದೆ, ದೇಹಕ್ಕೆ ಹೋಗಬೇಕಾದದ್ದು ಹೋಗುತ್ತದೆ. (ನಮ್ಮಲ್ಲಿ ಅನೇಕರಿಗೆ ಅಗತ್ಯಕ್ಕಿಂತ ಹೆಚ್ಚೇ ಹೋಗುತ್ತದೆ. ರಮಝಾನ್ ಕಳೆದ ಮೇಲೆ ತೂಕ ಏರಿದವರು ಇಲ್ಲಿಯೂ ಇದ್ದೀರಿ.) ತೂಕ ಇಳಿಸುವವನ ಹಸಿವು ಹಾಗಲ್ಲ. ಅದಕ್ಕೆ ಮಗ್ರಿಬ್‌ನ ಅದಾನ್ ಇಲ್ಲ. ಇಂದು ಮುಗಿದರೆ ನಾಳೆಯೂ ಇದೆ, ಮುಂದಿನ ತಿಂಗಳೂ ಇದೆ. ಅವನು ಹಸಿದಿರುವಾಗ ಅದೇ ಮೇಜಿನಲ್ಲಿ ಮಕ್ಕಳು ಬಿರಿಯಾನಿ ತಿನ್ನುತ್ತಿರುತ್ತಾರೆ.

ಅದಕ್ಕಿಂತ ಮುಖ್ಯವಾಗಿ, ಅಲ್ಲಾಹನು ಈ ದೇಹವನ್ನು ಎಷ್ಟು ಲೆಕ್ಕಾಚಾರದಿಂದ ಸೃಷ್ಟಿಸಿದ್ದಾನೆ ಎಂಬುದನ್ನು ತಿಳಿಯಬೇಕು. ನಮ್ಮ ದೇಹದ ಕೊಬ್ಬು ಸುಮ್ಮನೆ ಜೋತುಬಿದ್ದಿರುವ ವಸ್ತುವಲ್ಲ. ಅದು ಮೆದುಳಿಗೆ ನಿರಂತರವಾಗಿ ವರದಿ ಕಳಿಸುತ್ತಿರುತ್ತದೆ. ಆ ವರದಿಯನ್ನು ಒಯ್ಯುವ ಲೆಪ್ಟಿನ್ ಎಂಬ ಹಾರ್ಮೋನನ್ನು ವಿಜ್ಞಾನಿಗಳು 1994ರಲ್ಲಿ ಪತ್ತೆಹಚ್ಚಿದರು. ಕೊಬ್ಬು ಕರಗಿದಂತೆ ಲೆಪ್ಟಿನ್ ಕಡಿಮೆಯಾಗುತ್ತದೆ. ಆಗ ಉಗ್ರಾಣ ಖಾಲಿಯಾಗುತ್ತಿದೆ ಎಂದು ಮೆದುಳು ಭಾವಿಸಿ ಹಸಿವನ್ನು ಹೆಚ್ಚಿಸುತ್ತದೆ, ಖರ್ಚನ್ನೂ ಕಡಿತಗೊಳಿಸುತ್ತದೆ. ಹೊಟ್ಟೆಯಿಂದ ಹೊರಡುವ ಘ್ರೆಲಿನ್ ಎಂಬ ಇನ್ನೊಂದು ಹಾರ್ಮೋನ್ 1999ರಲ್ಲಿ ಗೊತ್ತಾಯಿತು. ಊಟದ ಹೊತ್ತಿಗೆ ಅದು ಏರುತ್ತದೆ, ಉಂಡ ಮೇಲೆ ಇಳಿಯುತ್ತದೆ. ತೂಕ ಇಳಿಸಿದವರಲ್ಲಿ ಅದೂ ಮೊದಲಿಗಿಂತ ಹೆಚ್ಚಾಗುತ್ತದೆ. ಬರಗಾಲಗಳಲ್ಲಿ ಆದಮನ ಸಂತತಿಯನ್ನು ಉಳಿಸಿಕೊಂಡು ಬಂದ ಏರ್ಪಾಡು ಇದು. ಇವನು ಸಕ್ಕರೆ ಕಾಯಿಲೆಗಾಗಿ ಊಟ ಬಿಟ್ಟಿದ್ದಾನೋ, ಬರಗಾಲದಲ್ಲಿ ಸಿಕ್ಕಿಬಿದ್ದಿದ್ದಾನೋ ಎಂಬ ವ್ಯತ್ಯಾಸ ಅದಕ್ಕೆ ತಿಳಿಯದು.

ಎರಡನೇ ಮಹಾಯುದ್ಧದ ಕೊನೆಯ ಹೊತ್ತಿನಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಒಂದು ಪ್ರಯೋಗ ನಡೆಸಿದರು. ಯುದ್ಧದಲ್ಲಿ ಹಸಿದು ಬಡಕಲಾದವರಿಗೆ ಮತ್ತೆ ಹೇಗೆ ಉಣಿಸಬೇಕು ಎಂದು ತಿಳಿಯುವುದು ಅದರ ಉದ್ದೇಶವಾಗಿತ್ತು. ಆರೋಗ್ಯವಂತರಾದ 36 ಯುವಕರು ಸ್ವಇಚ್ಛೆಯಿಂದ ಮುಂದೆ ಬಂದರು. 1945ರಲ್ಲಿ 24 ವಾರಗಳ ಕಾಲ ಅವರಿಗೆ ಮೊದಲಿನ ಅರ್ಧದಷ್ಟು, ದಿನಕ್ಕೆ ಸುಮಾರು 1,570 ಕ್ಯಾಲರಿ ಆಹಾರ ಕೊಡಲಾಯಿತು. ಜೊತೆಗೆ ನಡೆಯುವ ಕೆಲಸವೂ ಇತ್ತು. ಅವರ ತೂಕ ಕಾಲುಭಾಗದಷ್ಟು ಇಳಿಯಿತು. ಅಷ್ಟೇ ಆಗಿದ್ದರೆ ನಾನು ಇಲ್ಲಿ ಹೇಳುತ್ತಿರಲಿಲ್ಲ. ಆ ಯುವಕರ ಮನಸ್ಸಿಗೆ ಏನಾಯಿತು ಎಂಬುದನ್ನು ಗಮನಿಸಿ. ಹಗಲೂ ರಾತ್ರಿ ಊಟದ್ದೇ ಯೋಚನೆ. ಅಡುಗೆ ಪುಸ್ತಕಗಳನ್ನು ಸಂಗ್ರಹಿಸಿ ಓದತೊಡಗಿದರು. ಸಿಡುಕು, ಖಿನ್ನತೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು. ಇವರೆಲ್ಲ ತಮ್ಮ ನಂಬಿಕೆಗಾಗಿ ಬಂದೂಕು ಹಿಡಿಯಲು ನಿರಾಕರಿಸಿ, ಅದರ ಬದಲಿಗೆ ಈ ಕಷ್ಟವನ್ನು ಒಪ್ಪಿಕೊಂಡವರು. ಮನೋಬಲ ಇಲ್ಲದವರಲ್ಲ. ಇಡೀ ದಿನ ತಲೆಯಲ್ಲಿ ಊಟವೇ ಸುತ್ತುತ್ತದೆ ಎಂದು ನಮ್ಮ ಸಹೋದರರು ಹೇಳಿದರಲ್ಲ, ಅದು ಮೀತಿ ಮೀರಿ ಹಸಿದ ದೇಹ ಆಡುವ ಮಾತು.

ಹಾಗಾದರೆ ತೂಕ ಇಳಿಸುವುದನ್ನೇ ಬಿಡಬೇಕೇ? ಬೇಡ. ಬಿಡಬೇಕಾದದ್ದು ಸದಾ ಹಸಿದಿರುವ ಕ್ರಮವನ್ನು.

ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಇದೆ. ಹಸಿವು ಹೆಚ್ಚಾದಷ್ಟೂ ಪುಣ್ಯ ಹೆಚ್ಚು, ಹೊಟ್ಟೆ ಉರಿದಷ್ಟೂ ಕೊಬ್ಬು ಬೇಗ ಕರಗುತ್ತದೆ ಎಂದು. ಪ್ರವಾದಿವರ್ಯರು(ಸ) ಹಸಿವಿನಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು, ಅದನ್ನು ಹಾಸಿಗೆಯಲ್ಲಿ ಜೊತೆಗೂಡುವ ಕೆಟ್ಟ ಸಂಗಾತಿಗೆ ಹೋಲಿಸಿದ್ದರು ಎಂದು ಅಬೂದಾವೂದ್‌ನ ವರದಿಯಲ್ಲಿದೆ. ರಾತ್ರಿ ಹಸಿವಿನಿಂದ ನಿದ್ದೆ ಬಾರದೆ ಹೊರಳಾಡಿದವರಿಗೆ ಆ ಹೋಲಿಕೆಯ ಅರ್ಥ ವಿವರಿಸಬೇಕಾಗಿಲ್ಲ. ಇಕಾಮತ್ ಕೊಟ್ಟಾಗ ರಾತ್ರಿಯ ಊಟ ಮುಂದೆ ಬಡಿಸಿಟ್ಟಿದ್ದರೆ ಮೊದಲು ಊಟ ಮಾಡಿ ಎಂದು ಅವರು ಕಲಿಸಿದ್ದು ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಹಸಿದ ಮನಸ್ಸು ನಮಾಝಿನಲ್ಲೂ ನಿಲ್ಲದು ಎಂದು ಅರಿತ ದೀನ್ ನಮ್ಮದು.

ಈಗ ಮೊಬೈಲಿನಲ್ಲಿ ಮೂವತ್ತಾರು ಗಂಟೆ, ನಲವತ್ತೆಂಟು ಗಂಟೆ ಏನೂ ತಿನ್ನದೆ ಇರುವುದನ್ನು ಕಲಿಸುವ ವೀಡಿಯೊಗಳು ಬರುತ್ತವೆ. ಕೆಲವು ಯುವಕರು ಅದನ್ನು ನೋಡಿ ಹಟಕ್ಕೆ ಬಿದ್ದು ಮಾಡುತ್ತಾರೆ, ಕೇಳಿದರೆ ಇದು ಸುನ್ನತ್ ಎನ್ನುತ್ತಾರೆ. ಇಫ್ತಾರ್ ಮಾಡದೆ ಒಂದು ಉಪವಾಸಕ್ಕೆ ಇನ್ನೊಂದನ್ನು ಜೋಡಿಸುವುದಕ್ಕೆ ವಿಸಾಲ್ ಎನ್ನುತ್ತಾರೆ. ಅದನ್ನು ಪ್ರವಾದಿವರ್ಯರು(ಸ) ಸಹಾಬಿಗಳಿಗೆ ನಿಷೇಧಿಸಿದ್ದಾರೆ. ಅವರು ಕಲಿಸಿದ್ದು ಸಹ್ರಿಯನ್ನು ಬಿಡಬೇಡಿ, ಇಫ್ತಾರನ್ನು ತಡಮಾಡಬೇಡಿ ಎಂದು. ಸೋಮವಾರ, ಗುರುವಾರದ ಉಪವಾಸ, ಪ್ರತಿ ಚಾಂದ್ರಮಾಸದ 13, 14, 15ರ ಉಪವಾಸ, ಇವು ಸುನ್ನತ್. ಅಲ್ಲಾಹನಿಗಾಗಿ ನಿಯ್ಯತ್ ಮಾಡಿ ಹಿಡಿಯಿರಿ, ದೇಹಕ್ಕಾಗುವ ಲಾಭ ತಾನಾಗಿ ಆಗುತ್ತದೆ. ಬರೀ ಡಯಟ್‌ಗೆಂದು ಹಸಿದು ಕುಳಿತು ಅದಕ್ಕೆ ಸುನ್ನತ್ತಿನ ಹೆಸರು ಅಂಟಿಸಬೇಡಿ.

ಸಲ್ಮಾನ್(ರ) ಮತ್ತು ಅಬೂ ದರ್ದಾ(ರ) ಅವರ ಘಟನೆ ನಿಮಗೆ ಗೊತ್ತಿರುವುದೇ. ಪ್ರವಾದಿವರ್ಯರು(ಸ) ಅವರಿಬ್ಬರನ್ನು ಸಹೋದರರನ್ನಾಗಿ ಮಾಡಿದ್ದರು. ಸಲ್ಮಾನ್ ಭೇಟಿಗೆ ಹೋದಾಗ ಅಬೂ ದರ್ದಾ ಅವರು ಅತಿಥಿಗೆ ಅಡುಗೆ ಮಾಡಿಸಿ, ತಾನು ಉಪವಾಸಿ, ನೀವು ಊಟ ಮಾಡಿ ಎಂದರು. ನೀವು ಉಣ್ಣದೆ ನಾನು ಮುಟ್ಟುವುದಿಲ್ಲ ಎಂದು ಸಲ್ಮಾನ್ ಪಟ್ಟುಹಿಡಿದು ಉಣ್ಣಿಸಿದರು. ರಾತ್ರಿಯ ಮೊದಲ ಭಾಗದಲ್ಲೇ ನಮಾಝಿಗೆ ಎದ್ದವರನ್ನು ಮಲಗಿಸಿದರು. ಕೊನೆಯ ಜಾವದಲ್ಲಿ ಇಬ್ಬರೂ ಎದ್ದು ನಮಾಝ್ ಮಾಡಿದರು. ಆಮೇಲೆ, ನಿಮ್ಮ ಮೇಲೆ ನಿಮ್ಮ ಪ್ರಭುವಿನ ಹಕ್ಕಿದೆ, ಸ್ವಂತ ದೇಹದ ಹಕ್ಕಿದೆ, ಮನೆಯವರ ಹಕ್ಕಿದೆ, ಪ್ರತಿಯೊಬ್ಬರ ಹಕ್ಕನ್ನೂ ಕೊಡಿ ಎಂದು ಬುದ್ಧಿ ಹೇಳಿದರು. ಸಲ್ಮಾನ್ ಹೇಳಿದ್ದು ಸತ್ಯ ಎಂದು ಪ್ರವಾದಿವರ್ಯರು(ಸ) ಒಪ್ಪಿದರು. ದೇಹಕ್ಕೆ ಅತಿಯಾಗಿ ತುಂಬಿಸುವುದೂ ಅದರ ಹಕ್ಕನ್ನು ಕಸಿಯುವುದೇ, ಹಸಿದು ಕೆಡಿಸುವುದೂ ಕಸಿಯುವುದೇ.

ಬಾಂಧವರೇ, ಇನ್ನು ಕ್ರಮದ ಮಾತಿಗೆ ಬರೋಣ. ಇಮಾಮ್ ಗಝ್ಝಾಲಿ(ರ) ಹಿಜರಿ 505ರಲ್ಲಿ, ಅಂದರೆ 1111ರಲ್ಲಿ ನಿಧನರಾದವರು. ಅವರ ಇಹ್ಯಾ ಗ್ರಂಥದಲ್ಲಿ ಹೊಟ್ಟೆಯ ಆಸೆಯ ಬಗ್ಗೆಯೇ ಒಂದು ಅಧ್ಯಾಯವಿದೆ. ಅವರು ಬರೆದದ್ದು ನಫ್ಸನ್ನು ಪಳಗಿಸುವುದಕ್ಕೆ, ತೂಕ ಇಳಿಸುವುದಕ್ಕಲ್ಲ. ಆದರೆ ಅದರಲ್ಲಿರುವ ಎರಡು ಸಂಗತಿಗಳು ಇಂದಿನ ಯಾವ ಡಯಟ್ ಪುಸ್ತಕಕ್ಕೂ ಕಡಿಮೆಯಿಲ್ಲ.

ಒಂದು, ಊಟವನ್ನು ಒಮ್ಮೆಲೇ ಕಡಿತ ಮಾಡಬಾರದು ಎಂಬುದು. ಎರಡು ರೊಟ್ಟಿ ತಿನ್ನುವವನು ಒಂದಕ್ಕೆ ಇಳಿಯಬೇಕೆಂದಿದ್ದರೆ, ದಿನಕ್ಕೆ ಒಂದು ರೊಟ್ಟಿಯ ಇಪ್ಪತ್ತೆಂಟನೆಯ ಅಥವಾ ಮೂವತ್ತನೆಯ ಒಂದು ಪಾಲು ಮಾತ್ರ ಕಡಿಮೆ ಮಾಡುತ್ತಾ ಬರಬೇಕು. ತಿಂಗಳಲ್ಲಿ ಒಂದು ರೊಟ್ಟಿಗೆ ಬಂದಿರುತ್ತಾನೆ, ದೇಹಕ್ಕೆ ಹಾನಿಯೂ ಇಲ್ಲ ಎಂದು ಅವರು ಲೆಕ್ಕ ಹಾಕಿ ತೋರಿಸುತ್ತಾರೆ. ಒಂದು ತುತ್ತಿಗಿಂತ ಕಡಿಮೆ! ಇಂದಿನ ಲೆಕ್ಕವೂ ಬೇರೆಯಲ್ಲ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ದಿನಕ್ಕೆ 500 ಕ್ಯಾಲರಿಯಷ್ಟು ಕಡಿಮೆ ತಿಂದರೆ ವಾರಕ್ಕೆ ಹತ್ತಿರ ಹತ್ತಿರ ಅರ್ಧ ಕಿಲೋ ಇಳಿಯುತ್ತದೆ. ಅದು ಕಡಿಮೆಯಾಯಿತು ಎಂದು ದಿನಕ್ಕೆ ಸಾವಿರಕ್ಕಿಂತ ಹೆಚ್ಚು ಕಡಿತ ಮಾಡಿದವರು ಮೂರು ವಾರದಲ್ಲಿ ಸೋತು, ನಾಲ್ಕನೇ ವಾರ ಮೊದಲಿಗಿಂತ ಹೆಚ್ಚು ತಿನ್ನುತ್ತಾರೆ. ಬೇಗ ಇಳಿಸಲು ಹೋದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಸಂಭವವೂ ಹೆಚ್ಚು.

ಇನ್ನೊಂದು, ನಿಜವಾದ ಹಸಿವನ್ನು ಗುರುತಿಸುವ ಗುರುತು. ನಂಚಿಕೊಳ್ಳಲು ಏನೂ ಇಲ್ಲದಿದ್ದರೂ ಯಾವುದೇ ಬರಿಯ ರೊಟ್ಟಿಯನ್ನು ಆಸೆಯಿಂದ ತಿನ್ನುವಂತಿದ್ದರೆ ಅದು ನಿಜವಾದ ಹಸಿವು. ಇಂಥದ್ದೇ ಬೇಕು ಎಂದು ಮನಸ್ಸು ಬೇಡಿದರೆ ಅದು ಹಸಿವಲ್ಲ ಎಂಬುದು ಅವರ ಅಭಿಪ್ರಾಯ. ಇದನ್ನು ನಮ್ಮ ಅಡುಗೆಮನೆಗೆ ತಂದು ನೋಡಿ. ಸಂಜೆ ಐದು ಗಂಟೆಗೆ ಹೊಟ್ಟೆ ಕೇಳುತ್ತಿದೆ. ಈಗ ಒಂದು ಬಟ್ಟಲು ಕುಚಲಕ್ಕಿ ಗಂಜಿ ಕೊಟ್ಟರೆ ಉಣ್ಣುತ್ತೇನೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಹೌದು ಎಂದಾದರೆ ಅದು ಹಸಿವು, ಗಂಜಿ ಉಣ್ಣಿ, ಅದರಲ್ಲಿ ತಪ್ಪೇನಿಲ್ಲ. ಗಂಜಿ ಬೇಡ, ಗೋಳಿಬಜೆಯೇ ಆಗಬೇಕು ಎಂದಾದರೆ ಅದು ಬಾಯಿಯ ಚಪಲ. ಅದನ್ನು ಬೇರೆ ಕೆಲಸಕ್ಕೆ ಹಚ್ಚಿದರೆ ಸ್ವಲ್ಪ ಹೊತ್ತಿನಲ್ಲಿ ಕಡಿಮೆಯಾಗುತ್ತದೆ. ಈ ಪರೀಕ್ಷೆಗೆ ಹಣ ಖರ್ಚಿಲ್ಲ.

ನಿಜವಾದ ಹಸಿವನ್ನು ಗೌರವಿಸಬೇಕು, ಅದಕ್ಕೆ ಸರಿಯಾದುದನ್ನು ಕೊಡಬೇಕು. ಇಲ್ಲಿಯೇ ಹೆಚ್ಚಿನವರು ಸೋಲುವುದು. ಎರಡು ಬಿಸ್ಕತ್ತು, ಒಂದು ಚಹಾ ಎಂದು ದಿನ ತಳ್ಳುತ್ತಾರೆ. ಐದು ಬಾರಿ ಚಹಾ ಕುಡಿದು ಪ್ರತಿ ಬಾರಿ ಎರಡು ಚಮಚ ಸಕ್ಕರೆ ಹಾಕಿದರೆ ದಿನಕ್ಕೆ ಹತ್ತು ಚಮಚವಾಯಿತು, ಸಕ್ಕರೆಯಿಂದಲೇ ಸುಮಾರು 160 ಕ್ಯಾಲರಿ. ಹೊಟ್ಟೆಗೆ ಮಾತ್ರ ಅದು ಲೆಕ್ಕಕ್ಕೇ ಇಲ್ಲ. ಕುಡಿದದ್ದು ತಿಂದದ್ದರಷ್ಟು ಹಸಿವನ್ನು ತಣಿಸುವುದಿಲ್ಲ. ಜ್ಯೂಸ್, ಶರ್ಬತ್ತು, ಬಾಟಲಿಯ ಪಾನೀಯ ಎಲ್ಲವೂ ಹೀಗೆಯೇ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ, ಅದು ತೆಂಗಿನೆಣ್ಣೆಯಾಗಲಿ ಬೇರೆ ಯಾವುದಾಗಲಿ, 120 ಕ್ಯಾಲರಿ. ಅದೇ ಬಂಗುಡೆಯನ್ನು ಎಣ್ಣೆಯಲ್ಲಿ ಮುಳುಗಿಸಿ ಕಾಯಿಸುವ ಬದಲು ಪುಳಿಮುಂಚಿ ಮಾಡಿದರೆ ಮೀನು ಅಷ್ಟೇ ಇರುತ್ತದೆ, ಹೊಟ್ಟೆಯೂ ಅಷ್ಟೇ ತುಂಬುತ್ತದೆ.

1995ರಲ್ಲಿ ಸಿಡ್ನಿಯ ವಿಜ್ಞಾನಿಗಳು 38 ಬಗೆಯ ಆಹಾರಗಳನ್ನು ಒಂದೇ ಪ್ರಮಾಣದ ಕ್ಯಾಲರಿಗೆ ತೂಗಿ ಜನರಿಗೆ ಕೊಟ್ಟು, ಯಾವುದು ಹೆಚ್ಚು ಹೊತ್ತು ಹೊಟ್ಟೆ ತುಂಬಿದಂತೆ ಇಡುತ್ತದೆ ಎಂದು ನೋಡಿದರು. ಮೊದಲ ಸ್ಥಾನ ಸಿಕ್ಕಿದ್ದು ಬರೀ ಬೇಯಿಸಿದ ಆಲೂಗಡ್ಡೆಗೆ! ಮೀನು ಕೂಡ ಮೇಲಿನ ಸ್ಥಾನದಲ್ಲಿತ್ತು. ಕೇಕ್, ಬೆಣ್ಣೆ ಹಾಕಿದ ಬೇಕರಿ ತಿನಿಸುಗಳು ಕೆಳಗಿದ್ದವು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಲ್ಲಿ 2019ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ 20 ಮಂದಿಗೆ ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಸಾದಾ ಅಡುಗೆಯ ಆಹಾರ ಕೊಟ್ಟು, ಬೇಕಾದಷ್ಟು ತಿನ್ನಿ ಎಂದರು. ಕಾರ್ಖಾನೆಯ ಆಹಾರ ಕೊಟ್ಟಾಗ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು, ಎರಡೇ ವಾರದಲ್ಲಿ ಒಂದು ಕಿಲೋದ ಹತ್ತಿರ ತೂಕ ಏರಿತು. ಸಾದಾ ಅಡುಗೆಯಲ್ಲಿ ಅಷ್ಟೇ ಇಳಿಯಿತು. ಯಾರೂ ಅವರಿಗೆ ಹಸಿದಿರಿ ಎಂದು ಹೇಳಿರಲಿಲ್ಲ.

ಹೊಟ್ಟೆ ತುಂಬಿಸುವ ಆಹಾರ ನಮ್ಮ ಊರಿನಲ್ಲೇ ಇದೆ. ನೀರು ಹೆಚ್ಚಿರುವ ಗಂಜಿ, ಜೊತೆಗೆ ತುಂಬ ಹೆಸರುಕಾಳಿನ ಪಲ್ಯ. ಹುರುಳಿ ಸಾರು. ಬಸಳೆ, ಹರಿವೆ, ತೊಂಡೆಕಾಯಿ. ಬೇಯಿಸಿದ ಮೊಟ್ಟೆ. ಸಕ್ಕರೆ ಹಾಕದ ಮಜ್ಜಿಗೆ. ಸಂಜೆಗೆ ಬೇಯಿಸಿದ ಕಡಲೆ ಅಥವಾ ಒಂದು ಪೇರಳೆ. ಮದುವೆಯ ನೈಚೋರ್ ಹರಾಮ್ ಎಂದು ನಾನು ಹೇಳುತ್ತಿಲ್ಲ. ಅನ್ನವೇ ತಟ್ಟೆಯ ತುಂಬ ಇದ್ದು ಪಲ್ಯ ಒಂದು ಮೂಲೆಯಲ್ಲಿದ್ದರೆ ಅದನ್ನು ತಿರುಗಿಸಿ ಹಾಕಿ ಎಂದಷ್ಟೇ. ಮೀನು, ಮೊಟ್ಟೆ, ಬೇಳೆಕಾಳು ಪ್ರತಿ ಊಟದಲ್ಲೂ ಇರಲಿ. ಹಸಿವನ್ನು ದೀರ್ಘಕಾಲ ಹಿಡಿದಿಡುವುದು ಪ್ರೋಟೀನ್ ಮತ್ತು ನಾರು.

ಕುರ್‌ಆನ್ ತಿನ್ನಲು ಕುಡಿಯಲು ಅನುಮತಿ ಕೊಟ್ಟು ಅದೇ ಉಸಿರಿನಲ್ಲಿ ಇಸ್ರಾಫ್ ಮಾಡಬೇಡಿ ಎನ್ನುತ್ತದೆ. ಬೆನ್ನು ನೆಟ್ಟಗೆ ನಿಲ್ಲುವಷ್ಟು ಕೆಲವು ತುತ್ತು ಸಾಕು, ಅಷ್ಟಕ್ಕೆ ನಿಲ್ಲದಿದ್ದರೆ ಹೊಟ್ಟೆಯ ಒಂದು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಒಂದು ಪಾಲು ಉಸಿರಿಗೆ ಎಂಬ ಅರ್ಥದ ಹದೀಸ್ ತಿರ್ಮಿದಿಯಲ್ಲಿದೆ. ಉಸಿರಿನ ಆ ಪಾಲನ್ನು ನಾವು ಮರೆತಿದ್ದೇವೆ. ತುಂಬಿತು ಎಂಬ ಸುದ್ದಿ ಹೊಟ್ಟೆಯಿಂದ ಮೆದುಳಿಗೆ ತಲುಪಲು ಸುಮಾರು ಇಪ್ಪತ್ತು ನಿಮಿಷ ಬೇಕು ಎನ್ನುತ್ತಾರೆ ವೈದ್ಯರು. ನಮ್ಮ ಊಟವೇ ಏಳು ನಿಮಿಷದಲ್ಲಿ ಮುಗಿದಿರುತ್ತದೆ. ಇನ್ನೊಂದಿಷ್ಟು ಬೇಕು ಎನಿಸುವಾಗಲೇ ಕೈ ತೊಳೆದು ಎದ್ದುಬಿಡಿ, ಸ್ವಲ್ಪ ನಡೆಯಿರಿ. ಉಳಿದ ಆ ಚಿಕ್ಕ ಹಸಿವು ಇಪ್ಪತ್ತು ನಿಮಿಷದ ನಂತರ ಹುಡುಕಿದರೂ ಸಿಗದು. ಇಷ್ಟು ಹಸಿವು ಸಹಿಸಬೇಕಾದದ್ದೇ, ಇದರ ಹೊರತು ತೂಕ ಇಳಿಯುವ ದಾರಿ ಇಲ್ಲ. ಕೈಕಾಲು ನಡುಗುವ ಹಸಿವು, ಮಕ್ಕಳ ಮೇಲೆ ರೇಗುವ ಹಸಿವು, ಮಧ್ಯರಾತ್ರಿ ಎದ್ದು ಪಾತ್ರೆ ತೆರೆಯುವ ಹಸಿವು ಬೇರೆ. ಅದು ಬಂದರೆ ನೀವು ಕಡಿಮೆ ತಿನ್ನುತ್ತಿದ್ದೀರಿ ಎಂದರ್ಥ. ಮರುದಿನ ಬೆಳಗ್ಗೆ ಒಂದು ಮೊಟ್ಟೆ ಹೆಚ್ಚು ತಿನ್ನಿ.

ನಿದ್ದೆಯ ಮಾತನ್ನೂ ಹೇಳಬೇಕು. ಇಶಾದ ಬಳಿಕ ಹರಟೆಯನ್ನು ಪ್ರವಾದಿವರ್ಯರು(ಸ) ಇಷ್ಟಪಡುತ್ತಿರಲಿಲ್ಲ. ನಮ್ಮ ಯುವಕರು ರಾತ್ರಿ ಹನ್ನೆರಡರ ತನಕ ಶವರ್ಮ ಅಂಗಡಿಯ ಮುಂದೆ ಇರುತ್ತಾರೆ. 2004ರಲ್ಲಿ ಶಿಕಾಗೋದಲ್ಲಿ 12 ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದರು. ಹಸಿವೇರಿಸುವ ಘ್ರೆಲಿನ್ ಶೇ. 28ರಷ್ಟು ಹೆಚ್ಚಾಗಿತ್ತು, ಲೆಪ್ಟಿನ್ ಶೇ. 18ರಷ್ಟು ಇಳಿದಿತ್ತು. ಬೇಗ ಮಲಗಿದವನಿಗೆ ಫಜ್ರ್ ಕೂಡ ಸಿಗುತ್ತದೆ, ಮರುದಿನದ ಹಸಿವೂ ಹಿಡಿತದಲ್ಲಿರುತ್ತದೆ.

ಸಹೋದರರೇ, ಈ ಹಸಿವನ್ನು ಒಬ್ಬನೇ ಗೆಲ್ಲಲಾರ. ಮನೆಯವರ ಸಹಕಾರ ಬೇಕು. ನಮ್ಮಲ್ಲಿ ಪ್ರೀತಿ ತೋರಿಸುವುದೆಂದರೆ ಒತ್ತಾಯಿಸಿ ಬಡಿಸುವುದು. ಸಾಕು ಎಂದವನ ತಟ್ಟೆಗೆ ಇನ್ನೊಂದು ಸೌಟು ಹಾಕಿದರೆ ಮಾತ್ರ ಅತಿಥಿಸತ್ಕಾರ ಪೂರ್ಣವಾಗುತ್ತದೆ ಎಂದು ಭಾವಿಸಿದ್ದೇವೆ. ಸಾಕು ಎಂದರೆ ಸಾಕು ಎಂದೇ ಅರ್ಥ. ಇನ್ನೊಂದು ಕಡೆ, ಅಡುಗೆ ಮಾಡುವ ನಮ್ಮ ತಾಯಂದಿರು, ಪತ್ನಿಯರು ಎಲ್ಲರೂ ಉಂಡ ಮೇಲೆ, ಮಧ್ಯಾಹ್ನ ಮೂರು ಗಂಟೆಗೆ, ಹಸಿದು ಸುಸ್ತಾಗಿ ಮಕ್ಕಳು ಬಿಟ್ಟದ್ದು, ಪಾತ್ರೆಯಲ್ಲಿ ಉಳಿದದ್ದು ಎಂದು ತಿನ್ನುತ್ತಾರೆ. ವ್ಯರ್ಥ ಮಾಡಬಾರದಲ್ಲ ಎನ್ನುತ್ತಾರೆ. ವ್ಯರ್ಥ ಮಾಡಬಾರದು ನಿಜ. ಆದರೆ ಉಳಿದ ಅನ್ನ ಹೋಗಬೇಕಾದ ಜಾಗ ಅವರ ಹೊಟ್ಟೆಯಲ್ಲ. ಇಬ್ಬರ ಊಟ ಮೂವರಿಗೆ ಸಾಕು ಎಂಬ ಹದೀಸಿನ ಪಾಠ ಅಳತೆ ಕಡಿಮೆ ಮಾಡಿ ಬೇಯಿಸುವುದರಲ್ಲೂ ಇದೆ. ಮನೆಯ ಹೆಂಗಸರು ಹೊತ್ತಿಗೆ ಸರಿಯಾಗಿ ಎಲ್ಲರ ಜೊತೆ ಕುಳಿತು ಉಣ್ಣುವಂತೆ ನೋಡಿಕೊಳ್ಳುವುದು ಗಂಡಸರ ಜವಾಬ್ದಾರಿ.

ಗೇಲಿ ಮಾಡುವವರಿಗೂ ಒಂದು ಮಾತು. ದಪ್ಪಗಿರುವವನನ್ನು ಅಡ್ಡಹೆಸರಿನಿಂದ ಕರೆಯುವುದು, ಅವನು ಗಂಜಿ ಉಂಡರೆ “ಏನು, ಡಯಟಾ?” ಎಂದು ನಗುವುದು ನಮ್ಮ ಮದುವೆ ಹಾಲ್‌ಗಳಲ್ಲಿ ಮಾಮೂಲು. ಇಬ್ನು ಮಸ್ಊದ್(ರ) ಅವರ ಸಪೂರ ಕಾಲುಗಳನ್ನು ಕಂಡು ಕೆಲವು ಸಹಾಬಿಗಳು ನಕ್ಕಾಗ, ತೂಕದ ತಕ್ಕಡಿಯಲ್ಲಿ ಆ ಕಾಲುಗಳು ಉಹುದ್ ಪರ್ವತಕ್ಕಿಂತ ಭಾರ ಎಂದು ಪ್ರವಾದಿವರ್ಯರು(ಸ) ತಿಳಿಸಿದರು. ಅಲ್ಲಾಹನ ಬಳಿ ತೂಗುವ ತೂಕ ಬೇರೆಯೇ ಇದೆ. ಅವಮಾನಿತನಾದವನು ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಇನ್ನಷ್ಟು ತಿನ್ನುತ್ತಾನೆ. ಅದರ ಪಾಲು ನಕ್ಕವನಿಗೂ ಇದೆ.

ಕೊನೆಯದಾಗಿ ರೋಗಿಗಳಿಗೆ. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದ್ದು 80 ದಾಟಿದರೆ ಒಮ್ಮೆ ಡಾಕ್ಟರನ್ನು ಕಾಣಿ. ಎಷ್ಟು ತಿಂದರೂ ಹಸಿವು, ಜೊತೆಗೆ ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ ಎಂದಾದರೆ ಅದನ್ನು ಡಯಟ್‌ನ ಹಸಿವು ಎಂದು ಸಹಿಸಿಕೊಂಡು ಕೂರಬೇಡಿ, ಅದು ಸಕ್ಕರೆ ಕಾಯಿಲೆಯೇ ಇರಬಹುದು. ಥೈರಾಯ್ಡ್ ಹೆಚ್ಚಾದಾಗಲೂ ಹಾಗಾಗುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು, ಸುನ್ನತ್ ಉಪವಾಸವನ್ನೂ ಹಿಡಿಯಬಾರದು. ಮೈ ಬೆವರಿ, ಕೈ ನಡುಗಿ, ತಲೆ ಮಂಕಾಯಿತು ಎಂದರೆ ಸಕ್ಕರೆ 70ಕ್ಕಿಂತ ಕೆಳಗಿಳಿದಿರಬಹುದು. ಉಪವಾಸವಿದ್ದರೂ ಆ ಕ್ಷಣವೇ ಮುರಿದು ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಯಿರಿ. ಬೆರಳಿನಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ಉಪವಾಸ ಮುರಿಯುವುದಿಲ್ಲ, ಆ ಸಂಶಯದಿಂದ ಪರೀಕ್ಷೆ ಬಿಡಬೇಡಿ. ರೋಗಿಗೆ ಉಪವಾಸದಿಂದ ವಿನಾಯಿತಿ ಕೊಟ್ಟದ್ದು ಕುರ್‌ಆನ್, ಡಾಕ್ಟರಲ್ಲ. ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಬೆಳೆಯುವ ಪ್ರಾಯದ ಮಕ್ಕಳು ತಾವಾಗಿ ಊಟ ಕಡಿತ ಮಾಡಲೇಬಾರದು. ಊಟ ಕಂಡರೆ ಹೆದರುವ, ಕನ್ನಡಿಯ ಮುಂದೆ ಅಳುವ ಹೆಣ್ಣುಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಗದರಿಸದೆ ಡಾಕ್ಟರ ಬಳಿ ಕರೆದೊಯ್ಯಿರಿ.

ಅಲ್ಲಾಹನು ನಮ್ಮ ರೋಗಿಗಳಿಗೆ ಶಿಫಾ ನೀಡಲಿ. ಮೊಣಕಾಲು ನೋವಿನವರಿಗೆ ನೆಲದ ಮೇಲೆ ಸುಜೂದ್ ಮಾಡುವ ಭಾಗ್ಯವನ್ನು ಮತ್ತೆ ಕೊಡಲಿ. ತಿನ್ನಲು ಇಲ್ಲದೆ ಹಸಿದಿರುವವರ ಮನೆಗಳಿಗೆ ಹಲಾಲ್ ಅನ್ನವನ್ನು ತಲುಪಿಸಲಿ. ಆಮೀನ್.